ಹೊಳೆಮೀನು ಮೊಟ್ಟೆ ಇಡುವುದು ಯಾವಾಗ? ತೂಗಿ, ಎಣಿಸಿ, ಅಳೆದು ತಿಳಿಯುವ ಬಗೆ

ನನ್ನ ಮೊದಲ ವರ್ಷದ ನೋಟ್‌ಬುಕ್ ಈಗಲೂ ಇದೆ. ಜನವರಿಯಲ್ಲಿ ನಲವತ್ತು ಮೀನು, ಫೆಬ್ರವರಿಯಲ್ಲಿ ನಲವತ್ತೆರಡು, ಮೇ ತಿಂಗಳಲ್ಲಿ ಐವತ್ತು. ಜೂನ್‌ನಲ್ಲಿ ಮೂರು. ಜುಲೈ ಪುಟ ಖಾಲಿ. ಕಾರಣ ಏನೂ ದೊಡ್ಡದಲ್ಲ. ಹೊಳೆ ಕೆಂಪಾಗಿ ಉಕ್ಕಿ ಹರಿಯುವಾಗ ಬಲೆ ಹಾಕುವವರು ಯಾರು? ಆದರೆ ನಾನು ಹುಡುಕುತ್ತಿದ್ದ ಉತ್ತರ ಇದ್ದದ್ದೇ ಆ ಎರಡು ತಿಂಗಳಲ್ಲಿ. ಮದುವೆ ಮನೆಗೆ ಹೋಗಿ ಚಪ್ಪರ ಕಟ್ಟುವುದನ್ನೂ ಪಾತ್ರೆ ತೊಳೆಯುವುದನ್ನೂ ಫೋಟೊ ತೆಗೆದು, ಮುಹೂರ್ತದ ಹೊತ್ತಿಗೆ ನಿದ್ದೆ ಹೋದ ಹಾಗೆ ಆಗಿತ್ತು ನನ್ನ ಕೆಲಸ.

ಹಾಗಾಗಿ ಈ ಮಾರ್ಗದರ್ಶಿಯ ಮೊದಲ ಮಾತು ಇದು. ಬೇರೆ ಯಾವ ತಿಂಗಳು ತಪ್ಪಿದರೂ ಹೇಗೋ ಸುಧಾರಿಸಬಹುದು. ಮಳೆಗಾಲದ ಮೊದಲ ಎಂಟು ವಾರ ತಪ್ಪಿಸಬೇಡಿ. ಅದಕ್ಕೆ ತಯಾರಿ ಮಾರ್ಚ್‌ನಲ್ಲೇ ಶುರುವಾಗಬೇಕು.

ಯಾವ ಮೀನು?

ದೊಡ್ಡ ಮೀನು ಬೇಡ. ಒಂದು ಗೇಣಿಗಿಂತ ಚಿಕ್ಕದಾದ, ನಿಮ್ಮ ಹೊಳೆಯಲ್ಲಿ ವರ್ಷವಿಡೀ ಸಿಗುವ, ಅಳಿವಿನ ಭಯ ಇಲ್ಲದ ಮೀನು ಆರಿಸಿ. ನಾನು ಆರಿಸಿಕೊಂಡದ್ದು ಡಾಕಿನ್ಸಿಯಾ ಫಿಲಮೆಂಟೋಸಾ. ಅಕ್ವೇರಿಯಂ ಅಂಗಡಿಯವರು ಇದನ್ನು ಫಿಲಮೆಂಟ್ ಬಾರ್ಬ್ ಅನ್ನುತ್ತಾರೆ. ಬಾಲದ ಬುಡದ ಹತ್ತಿರ ಉದ್ದನೆಯ ಕಪ್ಪು ಬೊಟ್ಟು, ಬಾಲದ ಎರಡೂ ತುದಿಯಲ್ಲಿ ಕೆಂಪು ಮತ್ತು ಕಪ್ಪು. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಕೇರಳ ಮತ್ತು ಕರಾವಳಿ ಕರ್ನಾಟಕದ ಪಶ್ಚಿಮಕ್ಕೆ ಹರಿಯುವ ಹೊಳೆಗಳಲ್ಲಿ ಗುಂಪುಗುಂಪಾಗಿ ಓಡಾಡುತ್ತದೆ. 1844ರಲ್ಲೇ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟಿದ್ದರು. 2012ರಲ್ಲಿ ಕುಲದ ಹೆಸರು ಬದಲಾಗಿ ಡಾಕಿನ್ಸಿಯಾ ಆಯಿತು. ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅವರ ಹೆಸರಿನಿಂದ ಬಂದದ್ದು ಅದು.

ಈ ಮೀನಿನ ಇನ್ನೊಂದು ಅನುಕೂಲ, ಬೆಳೆದ ಗಂಡನ್ನು ಹೊರಗಿನಿಂದಲೇ ಗುರುತಿಸಬಹುದು. ಬೆನ್ನಿನ ರೆಕ್ಕೆಯ ಕಡ್ಡಿಗಳು ದಾರದ ಹಾಗೆ ಉದ್ದಕ್ಕೆ ಬೆಳೆದಿರುತ್ತವೆ. ಸಂತಾನದ ಕಾಲದಲ್ಲಿ ಮೂತಿಯ ಮೇಲೆ ರವೆ ಕಾಳಿನಂಥ ಬಿಳಿ ಗುಳ್ಳೆ ಏಳುತ್ತವೆ. ಬೆರಳಾಡಿಸಿದರೆ ಒರಟಾಗಿ ತಾಗುತ್ತದೆ.

ನಿಮ್ಮ ಹೊಳೆಯಲ್ಲಿ ಇದು ಇಲ್ಲದಿದ್ದರೆ ಪುಂಟಿಯಸ್, ರಾಸ್ಬೋರಾ ಜಾತಿಯ ಯಾವುದಾದರೂ ಸಾಮಾನ್ಯ ಮೀನು ಆಗುತ್ತದೆ. ವಿಧಾನ ಒಂದೇ. ಆದರೆ ಮೈಮೇಲೆ ಕೆಂಪು ಗೆರೆಯ ಮಿಸ್ ಕೇರಳದಂಥ ಮೀನಿನ ಗೊಡವೆ ಬೇಡ. ಅದು ಅಳಿವಿನ ಅಂಚಿನಲ್ಲಿದೆ.

ಕತ್ತರಿಗಿಂತ ಮೊದಲು ಕಾಗದ

ಇದು ಬೇಸರದ ಕೆಲಸ, ಆದರೂ ಮೊದಲು ಮುಗಿಸಿ. ಪದವಿ, ಸ್ನಾತಕೋತ್ತರ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ದು ನೋಡುವ ಪಾಠ ನಿಲ್ಲಿಸಿ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2014ರಲ್ಲೇ ಹೇಳಿದೆ. ಹಾಗಾಗಿ ನೀವು ಮಾಡುವುದು ಸಂಶೋಧನೆಯಾ, ತರಗತಿ ಪಾಠವಾ ಅನ್ನುವುದನ್ನು ನಿಮ್ಮ ಗೈಡ್ ಜೊತೆ ಕೂತು ಮಾತಾಡಿ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕೇಳಿ. ಮೀನುಗಾರಿಕೆ ಇಲಾಖೆಗೆ ಒಂದು ಪತ್ರ ಕೊಡಿ. ಮಳೆಗಾಲದ ಶುರುವಿನಲ್ಲಿ ಮೀನು ಹಿಡಿಯಲು ನಿರ್ಬಂಧ ಇದ್ದರೆ, ಸಂಶೋಧನೆಗೆ ಬೇಕಾದ ಕೆಲವೇ ಮೀನಿಗೆ ಅನುಮತಿ ಕೇಳಬೇಕಾಗುತ್ತದೆ. ಮಾರ್ಚ್‌ನಲ್ಲಿ ಶುರು ಮಾಡಿ ಅಂದದ್ದು ಇದಕ್ಕೇ. ಜೂನ್ ಮೊದಲ ವಾರ ಅರ್ಜಿ ಹಾಕಿದರೆ ಉತ್ತರ ಬರುವಷ್ಟರಲ್ಲಿ ಮೊಟ್ಟೆ ಒಡೆದು ಮರಿ ಈಜಾಡುತ್ತಿರುತ್ತದೆ.

ಶೃಂಗೇರಿ, ಶಿಶಿಲ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಂಥ ಮತ್ಸ್ಯಧಾಮಗಳ ಕಡೆ ಬಲೆ ಹಿಡಿದು ಸುಳಿಯಬೇಡಿ. ಅಲ್ಲಿ ದಡದಲ್ಲಿ ಕೂತು ನೋಡುವುದಷ್ಟೇ.

ಒಂದು ಸುಲಭದ ದಾರಿಯೂ ಇದೆ. ಮೀನು ಹಿಡಿಯುವವರು ಹೇಗೂ ಮಾರಲು ತಂದ ಮೀನನ್ನೇ ಕೊಂಡುಕೊಳ್ಳುವುದು. ನಿಮಗಾಗಿ ಯಾವ ಜೀವವೂ ಹೋಗುವುದಿಲ್ಲ. ಆದರೆ ಇದರಲ್ಲೊಂದು ಗುಂಡಿ ಇದೆ, ನಾನು ಬಿದ್ದ ಗುಂಡಿ.

ತಿಂಗಳ ಬುಟ್ಟಿ

ನನಗೆ ಮೀನು ಕೊಡುತ್ತಿದ್ದವರು ಸೀತಾ ನದಿ ದಡದ ಒಬ್ಬ ಅಜ್ಜ. ಪ್ರೀತಿಯಿಂದ ದೊಡ್ಡ ದೊಡ್ಡ ಮೀನನ್ನೇ ಆರಿಸಿ ಇಡುತ್ತಿದ್ದರು. ನಾಲ್ಕು ತಿಂಗಳು ಕಳೆದ ಮೇಲೆ ಲೆಕ್ಕ ಹಾಕಿದರೆ ಹೆಣ್ಣುಗಳೇ ಜಾಸ್ತಿ. ಹೊಳೆಯಲ್ಲಿ ಹೆಣ್ಣು ಹೆಚ್ಚಿವೆ ಅಂತ ಬರೆದೂಬಿಟ್ಟೆ. ಆಮೇಲೆ ಗೊತ್ತಾಯಿತು, ಮೊಟ್ಟೆ ತುಂಬಿದ ಹೆಣ್ಣು ದಪ್ಪ ಕಾಣುತ್ತದೆ, ಅಜ್ಜನ ಕೈ ಅದಕ್ಕೇ ಹೋಗುತ್ತದೆ. ನನ್ನ ಅಂಕಿ ತೋರಿಸಿದ್ದು ಹೊಳೆಯನ್ನಲ್ಲ, ಅಜ್ಜನ ಕೈಯನ್ನು.

ಹಾಗಾಗಿ ಆರಿಸದ ಮೀನು ಕೇಳಿ. ಬಲೆಯಿಂದ ಬಿದ್ದದ್ದು ಬಿದ್ದ ಹಾಗೆ, ಕಣ್ಣು ಮುಚ್ಚಿ ಒಂದು ಬೊಗಸೆ. ತಿಂಗಳಿಗೆ ಮೂವತ್ತರಿಂದ ನಲವತ್ತು ಸಾಕು. ಚಿಕ್ಕದು ದೊಡ್ಡದು ಎರಡೂ ಇರಲಿ. ಪ್ರತಿ ತಿಂಗಳೂ ಒಂದೇ ಜಾಗ, ಹತ್ತಿರಹತ್ತಿರ ಒಂದೇ ತಾರೀಕು. ಬಲೆಯ ಕಣ್ಣಿನ ಅಳತೆಯನ್ನೂ ಬರೆದಿಡಿ. ಕಣ್ಣು ದೊಡ್ಡದಾದರೆ ಸಣ್ಣ ಗಂಡುಗಳು ನುಸುಳಿ ಹೋಗುತ್ತವೆ.

ಜೂನ್, ಜುಲೈ ಬಂದಾಗ ತಿಂಗಳಿಗೊಮ್ಮೆ ಸಾಲದು. ವಾರಕ್ಕೊಮ್ಮೆ, ಆದರೆ ಸ್ವಲ್ಪ ಸ್ವಲ್ಪ. ಪ್ರತಿ ಸಲ ಎಂಟು ಹತ್ತು ಮೀನು ಸಾಕು. ಉಕ್ಕುವ ಹೊಳೆಗೆ ಇಳಿಯುವ ಸಾಹಸ ಯಾವ ಡಿಗ್ರಿಗೂ ಬೇಡ. ಆ ಹೊತ್ತಿಗೆ ಮೀನೂ ನಡುಹೊಳೆಯಲ್ಲಿ ಇರುವುದಿಲ್ಲ. ತೋಡು, ಗದ್ದೆ ಬದಿ, ಹುಲ್ಲು ಮುಳುಗಿದ ದಡಕ್ಕೆ ಹತ್ತಿರುತ್ತದೆ. ಮಲೆನಾಡಿನವರು ಹತ್ತುಮೀನು ಅನ್ನುವುದು ಇದನ್ನೇ. ನಮ್ಮ ಕಡೆ ತುಳುವಿನಲ್ಲಿ ಉಬರ್. ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಟಾರ್ಚು, ಕತ್ತಿ ಹಿಡಿದು ಗದ್ದೆಗೆ ಓಡುವ ಸಂಭ್ರಮ ನನಗೂ ಗೊತ್ತು. ಆದರೆ ಆ ರಾತ್ರಿ ಕಡಿಯುವ ಮೀನಿನಲ್ಲಿ ಹೆಚ್ಚಿನವು ಮೊಟ್ಟೆ ಇಡಲು ಬಂದವು. ನಿಮಗೆ ಬೇಕಾದ ಹತ್ತು ಮೀನು ಸಿಕ್ಕ ಮೇಲೆ ಟಾರ್ಚು ಆರಿಸಿ.

ಅಳತೆ, ತೂಕ, ಪೆನ್ಸಿಲ್

ಜೀವಂತ ಮೀನಾದರೆ ನೈತಿಕ ಸಮಿತಿ ಒಪ್ಪಿದ ವಿಧಾನದಲ್ಲಿ, ನೋವಿಲ್ಲದೆ ಸಾಯಿಸಬೇಕು. ಆಮೇಲೆ ಮಂಜುಗಡ್ಡೆಯಲ್ಲಿಟ್ಟು ತನ್ನಿ. ಅದೇ ದಿನ ಕೆಲಸ ಮುಗಿಸಿದರೆ ಒಳ್ಳೆಯದು.

ಮೂತಿಯಿಂದ ಬಾಲದ ತುದಿವರೆಗೆ ಒಟ್ಟು ಉದ್ದ. ಮೂತಿಯಿಂದ ಬಾಲದ ರೆಕ್ಕೆಯ ಬುಡದವರೆಗೆ ಇನ್ನೊಂದು ಉದ್ದ. ಎರಡನ್ನೂ ಬರೆಯಿರಿ, ಏಕೆಂದರೆ ಬಾಲದ ತುದಿ ಮುರಿದ ಮೀನು ಬೇಕಾದಷ್ಟು ಸಿಗುತ್ತವೆ. ಮೈಯ ನೀರನ್ನು ಒರೆಸಿ ತೂಗಿ. ಹತ್ತು ಗ್ರಾಂ ಮೀನಿನ ಮೈಮೇಲೆ ನಾಲ್ಕು ಹನಿ ನೀರು ಉಳಿದರೂ ಲೆಕ್ಕ ಹಾಳು. ಮೀನನ್ನು 0.01 ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ತೂಗಿದರೆ ಸಾಕು. ಮೊಟ್ಟೆಯ ತುಂಡಿಗೆ 0.001 ಗ್ರಾಂ ಬೇಕು.

ಬಾಟಲಿಯೊಳಗೆ ಹಾಕುವ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ನಾನು ಒಮ್ಮೆ ಪೆನ್ನಿನಲ್ಲಿ ಬರೆದು ಫಾರ್ಮಲಿನ್‌ಗೆ (ಮೀನು ಕೊಳೆಯದಂತೆ ಇಡುವ ದ್ರಾವಣ) ಹಾಕಿದ್ದೆ. ಎರಡು ವಾರ ಬಿಟ್ಟು ನೋಡಿದರೆ ಚೀಟಿ ಬಿಳಿ, ಫಾರ್ಮಲಿನ್ ನೀಲಿ. ಇಪ್ಪತ್ತೆರಡು ಬಾಟಲಿ, ಒಂದಕ್ಕೂ ಹೆಸರಿಲ್ಲ.

ಹೊಟ್ಟೆಯೊಳಗೆ

ಸಣ್ಣ ಕತ್ತರಿಯನ್ನು ಮಲದ್ವಾರದಿಂದ ಶುರು ಮಾಡಿ ಕಿವಿರಿನ ಕಡೆಗೆ ಸಾಗಿಸಿ. ಕತ್ತರಿಯ ಚೂಪನ್ನು ಒಳಗೆ ತಳ್ಳಬೇಡಿ, ಚರ್ಮವನ್ನು ಎತ್ತಿ ಹಿಡಿದ ಹಾಗೆ ಇರಲಿ. ಇಲ್ಲದಿದ್ದರೆ ಮೊಟ್ಟೆಗಳು ಒಡೆದು ತಟ್ಟೆ ತುಂಬ ಹರಡುತ್ತವೆ, ತೂಕವೂ ಹೋಯಿತು, ಎಣಿಕೆಯೂ ಹೋಯಿತು. ಕರುಳಿನ ಸುರುಳಿಯನ್ನು ಪಕ್ಕಕ್ಕೆ ಸರಿಸಿದರೆ ಗಾಳಿಚೀಲದ ಕೆಳಗೆ, ಎಡಕ್ಕೊಂದು ಬಲಕ್ಕೊಂದು, ಉದ್ದನೆಯ ಜೋಡಿ ಅಂಗ ಕಾಣುತ್ತದೆ. ಹೆಣ್ಣಾದರೆ ಅಂಡಾಶಯ, ಗಂಡಾದರೆ ವೃಷಣ.

ಬಲಿತ ಮೀನಿನಲ್ಲಿ ಅನುಮಾನವೇ ಇಲ್ಲ. ಅಂಡಾಶಯ ಹಳದಿ, ಕಾಳುಕಾಳಾಗಿ, ಹೊಟ್ಟೆ ತುಂಬ. ವೃಷಣ ಹಾಲುಬಿಳಿ, ನಯವಾದ ಪಟ್ಟಿ. ಕಷ್ಟ ಇರುವುದು ಚಳಿಗಾಲದ ಮೀನಿನಲ್ಲಿ ಮತ್ತು ಚಿಕ್ಕ ಮೀನಿನಲ್ಲಿ. ಅಲ್ಲಿ ಎರಡೂ ದಾರದಂತೆ ತೆಳ್ಳಗೆ ಇರುತ್ತವೆ. ಜೊತೆಗೆ ಕರುಳಿನ ಸುತ್ತ ಕೊಬ್ಬಿನ ಎಳೆ ಬೇರೆ. ಎಷ್ಟೋ ಜನ ಕೊಬ್ಬನ್ನೇ ವೃಷಣ ಅಂತ ತೂಗಿದ್ದಾರೆ. ಒಂದು ಸುಲಭದ ಪರೀಕ್ಷೆ ಇದೆ. ಒಂದು ಚೂರನ್ನು ನೀರಿಗೆ ಹಾಕಿ. ತೇಲಿದರೆ ಕೊಬ್ಬು. ಮುಳುಗಿದರೆ ಗಾಜಿನ ಪಟ್ಟಿಯ ಮೇಲಿಟ್ಟು ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿ. ನಡುವೆ ಕೇಂದ್ರ ಎದ್ದು ಕಾಣುವ ದುಂಡು ಕೋಶಗಳಿದ್ದರೆ ಹೆಣ್ಣು.

ಈಗ ಹಂತ ಗುರುತಿಸಬೇಕು. ಪುಸ್ತಕಗಳಲ್ಲಿ ಐದು, ಆರು, ಏಳು ಹಂತ ಅಂತೆಲ್ಲ ಇದೆ. ಸಣ್ಣ ಮೀನಿಗೆ ಐದು ಸಾಕು ಅನ್ನುವುದು ನನ್ನ ಅಭಿಪ್ರಾಯ. ಒಂದನೆಯದು ಎಳೆಯದು, ಬರಿಗಣ್ಣಿಗೆ ಮೊಟ್ಟೆ ಕಾಣದು. ಎರಡನೆಯದರಲ್ಲಿ ಅಂಗ ದಪ್ಪಗಾಗಿ, ಹೊಟ್ಟೆಯ ಅರ್ಧ ಉದ್ದ ಬರುತ್ತದೆ, ಸಣ್ಣ ಬಿಳಿ ಕಾಳು ಕಾಣತೊಡಗುತ್ತವೆ. ಮೂರನೆಯದರಲ್ಲಿ ಕಾಳು ಹಳದಿಯಾಗಿ, ಹೊಟ್ಟೆಯ ಮುಕ್ಕಾಲು ಭಾಗ ತುಂಬುತ್ತದೆ. ನಾಲ್ಕನೆಯದು ಪೂರ್ತಿ ಮಾಗಿದ್ದು. ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ಸಾಕು, ಮೊಟ್ಟೆ ಹೊರಗೆ ಜಾರುತ್ತದೆ, ಗಂಡಿನಲ್ಲಿ ಬಿಳಿ ರಸ ಬರುತ್ತದೆ. ಐದನೆಯದು ಖಾಲಿಯಾದದ್ದು. ಗಾಳಿ ಹೋದ ಬಲೂನಿನ ಹಾಗೆ ಜೋತುಬಿದ್ದ ಚೀಲ, ಕೆಂಪು ರಕ್ತದ ಛಾಯೆ, ಒಳಗೆ ಅಲ್ಲಲ್ಲಿ ಉಳಿದುಹೋದ ಮೊಟ್ಟೆ. ಈ ಐದನೆಯ ಹಂತದ ಮೀನು ಮೊದಲ ಸಲ ಯಾವ ತಾರೀಕಿಗೆ ಸಿಕ್ಕಿತೋ ಅದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಮೊಟ್ಟೆ ಇಡುವುದು ಶುರುವಾಗಿದೆ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಅಜ್ಜ ಒಮ್ಮೆ ನನ್ನ ಕತ್ತರಿ ನೋಡಿ ನಕ್ಕಿದ್ದರು. "ಅದಕ್ಕೆ ಹೊಟ್ಟೆ ಕೊಯ್ಯುದ್ಯಾಕೆ ಮಾರಾಯ್ರೆ? ಕೈಯಲ್ಲಿ ಹಿಡ್ದ್ರೆ ಗೊತ್ತಾಗ್ತದಲ್ಲ." ಆ ದಿನ ಹನ್ನೆರಡು ಮೀನಿಗೆ ಅವರು ಹೊರಗಿನಿಂದಲೇ ಹೆಣ್ಣು ಗಂಡು ಹೇಳಿದರು. ಹನ್ನೊಂದು ಸರಿ. ಹನ್ನೆರಡನೆಯದು ಹೊಟ್ಟೆ ತುಂಬ ಪಾಚಿ ತಿಂದಿದ್ದ ಗಂಡು.

ಜಿಎಸ್‌ಐ: ಇಡೀ ಕೆಲಸದ ಬೆನ್ನೆಲುಬು

ಜಿಎಸ್‌ಐ ಅಂದರೆ ಗೊನಾಡೋಸೊಮ್ಯಾಟಿಕ್ ಇಂಡೆಕ್ಸ್, ಮೈತೂಕದಲ್ಲಿ ಅಂಡಾಶಯ ಅಥವಾ ವೃಷಣದ ಪಾಲು ನೂರಕ್ಕೆ ಎಷ್ಟು ಅನ್ನುವ ಅಂಕಿ. ಅಂಡಾಶಯದ (ಗಂಡಾದರೆ ವೃಷಣದ) ತೂಕವನ್ನು ಮೀನಿನ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿ. ಅಷ್ಟೇ. ಲೆಕ್ಕ ತೋರಿಸಲು ಒಂದು ಕಲ್ಪಿತ ಮೀನು ತೆಗೆದುಕೊಳ್ಳೋಣ. ಮೀನು 12.40 ಗ್ರಾಂ, ಅಂಡಾಶಯ 1.86 ಗ್ರಾಂ. ಜಿಎಸ್‌ಐ 15. ಅಂದರೆ ಮೈತೂಕದ ನೂರರಲ್ಲಿ ಹದಿನೈದು ಪಾಲು ಬರೀ ಮೊಟ್ಟೆ. ಅರವತ್ತು ಕಿಲೋ ಮನುಷ್ಯ ಒಂಬತ್ತು ಕಿಲೋ ಹೊತ್ತು ಪ್ರವಾಹದ ವಿರುದ್ಧ ಈಜಿದ ಹಾಗೆ.

ಹೆಣ್ಣು ಗಂಡುಗಳದ್ದನ್ನು ಬೇರೆ ಬೇರೆ ಸರಾಸರಿ ಮಾಡಿ. ಬೆರೆಸಿದರೆ ಏನೂ ತಿಳಿಯದು, ಏಕೆಂದರೆ ಗಂಡಿನ ಜಿಎಸ್‌ಐ ತುಂಬ ಕಡಿಮೆ ಇರುತ್ತದೆ. ತಿಂಗಳಿಗೊಂದು ಚುಕ್ಕೆ ಇಟ್ಟು ಗೆರೆ ಎಳೆಯಿರಿ. ಎಲ್ಲರೂ ಗೆರೆಯ ತುದಿಯನ್ನು ನೋಡಿ "ಇದೇ ಮೊಟ್ಟೆ ಇಡುವ ತಿಂಗಳು" ಅನ್ನುತ್ತಾರೆ. ಅದು ಅರ್ಧ ಸರಿ. ತುದಿ ಹೇಳುವುದು ಮೀನು ತಯಾರಾಗಿದೆ ಅಂತ. ಮೊಟ್ಟೆ ಇಟ್ಟದ್ದನ್ನು ಹೇಳುವುದು ಗೆರೆ ದಬಕ್ಕನೆ ಕೆಳಗೆ ಬೀಳುವ ಜಾಗ. ಮೇ ತಿಂಗಳಲ್ಲಿ ಹದಿನೈದು, ಆಗಸ್ಟ್‌ನಲ್ಲಿ ಮೂರು ಅಂತ ನಿಮ್ಮ ಹತ್ತಿರ ಇದ್ದು, ನಡುವೆ ಏನೂ ಇಲ್ಲದಿದ್ದರೆ, ಬಿದ್ದದ್ದು ಯಾವಾಗ? ಜೂನ್ ಹತ್ತಕ್ಕಾ, ಜುಲೈ ಮೂವತ್ತಕ್ಕಾ? ವಾರಕ್ಕೊಮ್ಮೆ ಹತ್ತು ಮೀನು ಅಂತ ಮೇಲೆ ಪೀಡಿಸಿದ್ದು ಇದಕ್ಕೇ.

ತಾಜಾ ತೂಗಿದರೆ ಎಲ್ಲವನ್ನೂ ತಾಜಾ ತೂಗಿ. ಫಾರ್ಮಲಿನ್‌ನಲ್ಲಿ ಇಟ್ಟ ಮೇಲೆ ತೂಕ ಬದಲಾಗುತ್ತದೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.

ಹೆಣ್ಣು ಗಂಡಿನ ಪ್ರಮಾಣಕ್ಕೆ ಕೈ-ವರ್ಗ (chi-square) ಪರೀಕ್ಷೆ ಸಾಕು. ಸಿಕ್ಕ ಅಂಕಿ ಇರಬೇಕಾದ ಅಂಕಿಯಿಂದ ಎಷ್ಟು ದೂರ ಅಂತ ನೋಡುವ ಲೆಕ್ಕ ಅದು. ನೂರರಲ್ಲಿ ಅರವತ್ತು ಹೆಣ್ಣು, ನಲವತ್ತು ಗಂಡು ಅಂದುಕೊಳ್ಳಿ. ಐವತ್ತೈವತ್ತು ಇರಬೇಕಿತ್ತು. ವ್ಯತ್ಯಾಸ ಹತ್ತು. ಹತ್ತರ ವರ್ಗ ನೂರು, ಐವತ್ತರಿಂದ ಭಾಗಿಸಿದರೆ ಎರಡು. ಎರಡು ಕಡೆಯದ್ದೂ ಸೇರಿ ನಾಲ್ಕು. ಆಕಸ್ಮಿಕವಲ್ಲ ಅನ್ನಲು ದಾಟಬೇಕಾದ ಗಡಿ 3.84. ನಾಲ್ಕು ಅದನ್ನು ದಾಟಿದೆ, ಹಾಗಾಗಿ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದು. ಅಜ್ಜನ ಕೈ ನಡುವೆ ಬಂದಿಲ್ಲ ಅಂತ ಖಾತ್ರಿ ಇದ್ದರೆ ಮಾತ್ರ.

ಮೊಟ್ಟೆ ಎಣಿಸುವುದು

ಮೂರು, ನಾಲ್ಕನೇ ಹಂತದ ಹೆಣ್ಣುಗಳು ಮಾತ್ರ ಬೇಕು. ಇಪ್ಪತ್ತು ಇಪ್ಪತ್ತೈದು ಮೀನು ಸಾಕು, ಬೇರೆ ಬೇರೆ ಗಾತ್ರದವು. ಅಂಡಾಶಯದ ತೂಕ ಬರೆದುಕೊಂಡು ಮುಂಭಾಗ, ನಡು, ಹಿಂಭಾಗದಿಂದ ಒಂದೊಂದು ಚೂರು ಕತ್ತರಿಸಿ ತೂಗಿ. ಮೂರೂ ಸೇರಿ 0.150 ಗ್ರಾಂ, ಅದರಲ್ಲಿ 372 ಬಲಿತ ಮೊಟ್ಟೆ ಸಿಕ್ಕಿತು ಅನ್ನೋಣ. 372 ಗುಣಿಸು 1.86 ಭಾಗಿಸು 0.150. ಉತ್ತರ ಸುಮಾರು 4,613. ಆ ಕಲ್ಪಿತ ಮೀನಿನ ಹೊಟ್ಟೆಯಲ್ಲಿದ್ದ ಮೊಟ್ಟೆ ಅಷ್ಟು.

ಚೂರುಗಳನ್ನು ಶೇಕಡಾ 5ರ ಫಾರ್ಮಲಿನ್‌ನಲ್ಲಿ ಕೆಲವು ದಿನ ಇಟ್ಟರೆ ಮೊಟ್ಟೆಗಳು ಗಟ್ಟಿಯಾಗಿ ಬಿಡಿಬಿಡಿಯಾಗುತ್ತವೆ. ಅಂಗಡಿಯಿಂದ ತಂದ ಫಾರ್ಮಲಿನ್ ಒಂದು ಪಾಲು, ನೀರು ಹತ್ತೊಂಬತ್ತು ಪಾಲು. ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಹಳೆಯ ಪುಸ್ತಕಗಳಲ್ಲಿ ಗಿಲ್ಸನ್ ದ್ರಾವಣ ಬಳಸಿ ಅಂತ ಇರುತ್ತದೆ. ಅದರಲ್ಲಿ ಪಾದರಸ ಇದೆ, ಬೇಡವೇ ಬೇಡ.

ಎಣಿಸುವಾಗ ತಟ್ಟೆಯ ಕೆಳಗೆ ಚೌಕಳಿ ಕಾಗದ ಇಟ್ಟುಕೊಳ್ಳಿ. ಹತ್ತತ್ತಕ್ಕೆ ಒಂದು ಗೀಟು. ಮಧ್ಯದಲ್ಲಿ ಯಾರಾದರೂ ಚಹಾಕ್ಕೆ ಕರೆದರೆ ಉತ್ತರ ಕೊಡಬೇಡಿ, ಸುಮ್ನೆ ಕೈ ಎತ್ತಿ.

ಒಂದೇ ಸಲವಾ, ಕಂತಿನಲ್ಲಾ?

ನನಗೆ ಅತಿ ಇಷ್ಟವಾದ ಭಾಗ ಇದು. ಸೂಕ್ಷ್ಮದರ್ಶಕದ ಕಣ್ಣುಗಾಜಿನಲ್ಲಿ ಅಳತೆಪಟ್ಟಿ ಹಾಕಿ ಮೊಟ್ಟೆಯ ಅಗಲ ಅಳೆಯುವುದು. ಮೊದಲು ಆ ಪಟ್ಟಿಯ ಒಂದು ಗೆರೆ ಎಷ್ಟು ಅನ್ನುವುದನ್ನು ಸ್ಟೇಜ್ ಮೈಕ್ರೋಮೀಟರ್ (ಗೊತ್ತಾದ ಅಳತೆಯ ಗೆರೆಗಳಿರುವ ಗಾಜಿನ ಪಟ್ಟಿ) ಇಟ್ಟು ಕಂಡುಕೊಳ್ಳಿ. ಕಣ್ಣುಗಾಜಿನ 40 ಗೆರೆ ಅಲ್ಲಿನ 0.6 ಮಿಲಿಮೀಟರ್‌ಗೆ ಸಮವಾದರೆ ಒಂದು ಗೆರೆ 0.015 ಮಿಲಿಮೀಟರ್. 58 ಗೆರೆ ಅಗಲದ ಮೊಟ್ಟೆ 0.87 ಮಿಲಿಮೀಟರ್. ಲೆನ್ಸ್ ಬದಲಿಸಿದರೆ ಮತ್ತೆ ಹೊಸದಾಗಿ ಹೊಂದಿಸಬೇಕು.

ಒಂದು ಮೀನಿನಿಂದ ಇನ್ನೂರು ಮುನ್ನೂರು ಮೊಟ್ಟೆ ಅಳೆಯಿರಿ. ಸಿಕ್ಕಿದ್ದನ್ನೆಲ್ಲ, ಚಿಕ್ಕವನ್ನೂ ಸೇರಿಸಿ. ಅಳತೆಯ ಪ್ರಕಾರ ಗುಂಪು ಮಾಡಿ ಕಂಬಗಳ ನಕ್ಷೆ ಬರೆಯಿರಿ. ಎಳೆಯ ಮೊಟ್ಟೆಗಳ ರಾಶಿ ಎಡತುದಿಯಲ್ಲಿ ಯಾವಾಗಲೂ ಇರುತ್ತದೆ, ಅದು ಮುಂದಿನ ವರ್ಷದ ಬಂಡವಾಳ. ಅದನ್ನು ಬಿಟ್ಟು ದೊಡ್ಡ ಮೊಟ್ಟೆಯ ಕಡೆ ಒಂದೇ ಗುಡ್ಡ ಇದ್ದರೆ, ಆ ಮೀನು ಇದ್ದದ್ದನ್ನೆಲ್ಲ ಒಂದೇ ಸಲ ಇಡುತ್ತದೆ. ಎರಡು ಮೂರು ಗುಡ್ಡ ಇದ್ದರೆ ಕಂತುಕಂತಾಗಿ ಇಡುತ್ತದೆ. ದೊಡ್ಡವು ಹೋದ ಮೇಲೆ ನಡುಗಾತ್ರದವು ಬಲಿತು ಅವುಗಳ ಜಾಗಕ್ಕೆ ಬರುತ್ತವೆ.

ಕಂತಿನ ಮೀನಾದರೆ ಮೇಲಿನ 4,613 ಅನ್ನುವ ಸಂಖ್ಯೆಯನ್ನು ವರ್ಷದ ಒಟ್ಟು ಮೊಟ್ಟೆ ಅಂತ ಬರೆಯುವ ಹಾಗಿಲ್ಲ. ಅದು ಆ ದಿನ ಹೊಟ್ಟೆಯಲ್ಲಿದ್ದ ಬಾಕಿ ಮಾತ್ರ.

ಕಂತು ಯಾಕೆ ಬೇಕು ಅಂತ ಕೇಳಿದರೆ ಹೊಳೆಯನ್ನೇ ನೋಡಬೇಕು. ಈ ಬಾರ್ಬ್‌ಗಳು ಗೂಡು ಕಟ್ಟುವುದಿಲ್ಲ, ಕಾವಲು ಕಾಯುವುದಿಲ್ಲ. ಗಿಡ, ಬೇರು, ಕಲ್ಲಿನ ಸಂದಿಗೆ ಚೆಲ್ಲಿ ಹೋಗುತ್ತವೆ. ಅಕ್ವೇರಿಯಂನಲ್ಲಾದರೆ ತಮ್ಮ ಮೊಟ್ಟೆಯನ್ನು ತಾವೇ ತಿನ್ನುತ್ತವೆ. ಮೊದಲ ಮಳೆಗೆ ಎಲ್ಲವನ್ನೂ ಚೆಲ್ಲಿದ ಮೇಲೆ ಎರಡು ವಾರ ಮಳೆ ಕೈಕೊಟ್ಟರೆ? ದಡದ ನೀರು ಹಿಂದೆ ಸರಿದು ಹುಲ್ಲಿಗೆ ಅಂಟಿದ ಮೊಟ್ಟೆ ಬಿಸಿಲಿಗೆ ಒಣಗುತ್ತದೆ. ಕಂತಿನಲ್ಲಿ ಇಟ್ಟದ್ದಕ್ಕೆ ಎರಡನೇ ಅವಕಾಶ ಇದೆ.

ಮೊದಲ ಸಲ ತಾಯಾಗುವ ಉದ್ದ

ಇದು ಬೇಗ ಮುಗಿಯುವ ಲೆಕ್ಕ. ಸಂತಾನದ ಕಾಲದ ಹೆಣ್ಣುಗಳನ್ನು ಮಾತ್ರ ಒಂದೊಂದು ಸೆಂಟಿಮೀಟರ್ ಗುಂಪು ಮಾಡಿ. ಪ್ರತಿ ಗುಂಪಿನಲ್ಲಿ ಮೂರನೇ ಹಂತ ಅಥವಾ ಅದಕ್ಕಿಂತ ಮುಂದೆ ಹೋದವು ನೂರಕ್ಕೆ ಎಷ್ಟು? ಗೆರೆ ಐವತ್ತನ್ನು ದಾಟುವ ಉದ್ದವೇ ಉತ್ತರ. ಬಲೆಯ ಕಣ್ಣು ಎಷ್ಟಿರಬೇಕು ಅಂತ ಹೇಳಲು ಇದು ಬೇಕು. ಚಳಿಗಾಲದ ಮೀನು ಸೇರಿಸಿದರೆ ದೊಡ್ಡ ಮೀನೂ ಎಳೆಯದರಂತೆ ಕಂಡು ಲೆಕ್ಕ ಕೆಡುತ್ತದೆ.

ಹೊಳೆಯ ಡೈರಿ

ಮೀನಿನ ಪಟ್ಟಿಯ ಪಕ್ಕದಲ್ಲೇ ನೀರಿನ ಪಟ್ಟಿಯೂ ಇರಲಿ. ನೀರಿನ ಉಷ್ಣಾಂಶ, ಸೇತುವೆ ಕಂಬದ ಮೇಲೆ ನೀರಿನ ಮಟ್ಟ, ಹತ್ತಿರದ ಮಳೆಮಾಪನದ ಅಂಕಿ. ಬಣ್ಣವನ್ನೂ ಬರೆಯಿರಿ: ತಿಳಿ, ಮಸುಕು, ಕೆಂಪು. ಮಳೆ ನಕ್ಷತ್ರವನ್ನೂ ಬರೆದುಕೊಳ್ಳಿ ಅನ್ನುತ್ತೇನೆ, ನಗಬೇಡಿ. ಮೃಗಶಿರ ಜೂನ್ ಎರಡನೇ ವಾರದ ಆಸುಪಾಸು, ಆರಿದ್ರಾ ಜೂನ್ ಕೊನೆ. ಮೀನು ಹಿಡಿಯುವವರು ತಾರೀಕು ಮರೆತರೂ "ಆರಿದ್ರೆಯಲ್ಲಿ ಹತ್ತಿತ್ತು" ಅನ್ನುವುದನ್ನು ಮರೆಯುವುದಿಲ್ಲ. ಹಳೆಯ ವರ್ಷಗಳ ನೆನಪು ಕೇಳಲು ಅದೇ ಕೀಲಿ.

ನೀರು ತಣ್ಣಗಾಗುವುದು, ಮಟ್ಟ ಏರುವುದು, ಹೊಸ ನೀರಿನಲ್ಲಿ ಲವಣ ಕಡಿಮೆಯಾಗುವುದು, ಇವೆಲ್ಲ ಮೀನಿನ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ, ಗ್ರಂಥಿಯ ಹಾರ್ಮೋನಿನಿಂದ ಅಂಡಾಶಯಕ್ಕೆ. ಈ ಸರಪಳಿಯನ್ನು ಬಳಸಿ ಮೀನು ವಿಜ್ಞಾನಿ ಹೀರಾಲಾಲ್ ಚೌಧರಿ ಅವರು 1957ರ ಜುಲೈ 10ರಂದು ಒಡಿಶಾದಲ್ಲಿ ಗ್ರಂಥಿಯ ಸಾರ ಚುಚ್ಚಿ ದೊಡ್ಡ ಗೆಂಡೆ ಜಾತಿಯ ಮೀನು ಮೊಟ್ಟೆ ಇಡುವಂತೆ ಮಾಡಿದರು. ಜುಲೈ 10 ಈಗ ಮೀನು ಕೃಷಿಕರ ದಿನ. ಅದಕ್ಕೂ ಎರಡು ವರ್ಷ ಮೊದಲು ಅವರ ಪ್ರಯೋಗ ಫಲಿಸಿದ್ದು ಎಸೋಮಸ್ ಎಂಬ ಬೆರಳುದ್ದದ ಮೀನಿನಲ್ಲಿ. ಸಣ್ಣ ಮೀನು ಅಂತ ಮೂಗು ಮುರಿಯುವವರಿಗೆ ನಾನು ಇದನ್ನೇ ಹೇಳುವುದು.

ಕೊನೆಯ ಕೆಲಸ ಕತ್ತರಿ ಇಲ್ಲದ್ದು. ಮಳೆ ಸ್ವಲ್ಪ ಹೊಳವಾದ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಿಳಿ ಎನಾಮಲ್ ತಟ್ಟೆ ಹಿಡಿದು ದಡದ ಹುಲ್ಲಿನ ನಡುವೆ, ಪಾದ ಮುಳುಗುವಷ್ಟು ನೀರಿನಲ್ಲಿ ನಿಲ್ಲಿ. ಅಲುಗಾಡದೆ ಐದು ನಿಮಿಷ. ತಟ್ಟೆಯನ್ನು ನಿಧಾನಕ್ಕೆ ಮುಳುಗಿಸಿ ಎತ್ತಿ. ಮೈಮೇಲೆ ಕಪ್ಪು ಅಡ್ಡಪಟ್ಟೆ ಇರುವ, ಉಗುರಿನಷ್ಟು ಉದ್ದದ ಮರಿಗಳು ಬಂದಿರುತ್ತವೆ. ಬೆಳೆಯುತ್ತ ಆ ಪಟ್ಟೆ ಮಾಯವಾಗಿ ಬಾಲದ ಬೊಟ್ಟೊಂದೇ ಉಳಿಯುತ್ತದೆ. ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆದು, ತಾರೀಕು ಬರೆದು, ತಟ್ಟೆಯನ್ನು ಅಲ್ಲೇ ಓರೆ ಮಾಡಿ. ಮರಿಗಳು ಹುಲ್ಲಿನ ಬುಡಕ್ಕೆ ನುಗ್ಗುತ್ತವೆ. ಎರಡು ಮೂರು ವಾರ ಬಿಟ್ಟು ಅದೇ ಜಾಗಕ್ಕೆ ಹೋದಾಗ ಮತ್ತೆ ಉಗುರಿನಷ್ಟೇ ಉದ್ದದ ಹೊಸ ಮರಿಗಳು ಸಿಕ್ಕರೆ, ಅದು ಎರಡನೇ ಕಂತು.